ಪ್ರಶ್ನೆ ಕಂಪ್ಯೂಟರಿಗೆ ಅರ್ಥವಾಗುತ್ತದೆಯೇ? ನಕ್ಷತ್ರ ಚಿಹ್ನೆಯ ಹಿಂದಿನ ಸ್ಟೀಫನ್ ಕ್ಲೇನಿ

ಒಟಿಪಿ ಬಂದ ಕೂಡಲೇ ಆ್ಯಪ್ ಆ ಆರು ಅಂಕಿಗಳನ್ನು ತಾನೇ ತುಂಬಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಮೆಸೇಜನ್ನು ಓದಿ ಅರ್ಥ ಮಾಡಿಕೊಂಡಿತು ಎಂದು ಅನಿಸುವುದು ಸಹಜ. ಆದರೆ ಹಲವು ಆ್ಯಪ್‌ಗಳು ಹುಡುಕುವುದು ಸಾಲಾಗಿ ಆರು ಅಂಕಿ ಎಲ್ಲಿವೆ ಎಂಬುದನ್ನಷ್ಟೇ. ಹೀಗೆ ಹುಡುಕಲು ಬರೆದುಕೊಡುವ ಮಾದರಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ಇಂಟರ್ನೆಟ್ ನಡೆಸುವ ರೂಟರ್, ಸ್ವಿಚ್‌ಗಳ ಪ್ರಶ್ನೆಗಳಿಗೆ ತಾನಾಗಿಯೇ ಉತ್ತರಿಸುವ ಸ್ಕ್ರಿಪ್ಟ್‌ಗಳೂ ಇದನ್ನೇ ಬಳಸುತ್ತವೆ. ಇದರ ಗಣಿತ ಕೊಟ್ಟವರು ಒಬ್ಬ ತರ್ಕಶಾಸ್ತ್ರಜ್ಞ.

ಯಾರು ಈ ಕ್ಲೇನಿ?

ಸ್ಟೀಫನ್ ಕೋಲ್ ಕ್ಲೇನಿ ಹುಟ್ಟಿದ್ದು 1909ರ ಜನವರಿ 5ರಂದು, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ. ಹಲವರು ಅವರ ಹೆಸರನ್ನು ಕ್ಲೀನ್ ಎಂದು ಓದುತ್ತಾರೆ, ಅವರು ಹೇಳುತ್ತಿದ್ದದ್ದು ಕ್ಲೇನಿ ಎಂದು. ಪ್ರಿನ್ಸ್‌ಟನ್‌ನಲ್ಲಿ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ 1934ರಲ್ಲಿ ಪಿಎಚ್‌ಡಿ ಪಡೆದರು. ಅಲನ್ ಟ್ಯೂರಿಂಗ್ ಕೂಡ ಮುಂದೆ ಇದೇ ಗುರುವಿನ ಶಿಷ್ಯರಾದರು. ಹಂತ ಹಂತವಾಗಿ ಲೆಕ್ಕ ಹಾಕಿ ಯಾವುದನ್ನು ಕಂಡುಹಿಡಿಯಬಹುದು, ಯಾವುದು ಸಾಧ್ಯವೇ ಇಲ್ಲ ಎಂಬುದು ಇವರೆಲ್ಲರ ಪ್ರಶ್ನೆಯಾಗಿತ್ತು.

1935ರಲ್ಲಿ ಕ್ಲೇನಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡತೊಡಗಿದರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗೆ ಸೇರಿ, ಹಡಗು ನಡೆಸುವವರಿಗೆ ದಿಕ್ಕು ಲೆಕ್ಕ ಹಾಕುವುದನ್ನು ಕಲಿಸಿದರು. ಬೆಟ್ಟ ಹತ್ತುವುದೆಂದರೆ ಅವರಿಗೆ ಬಹಳ ಇಷ್ಟ.

ಮಿದುಳಿನಿಂದ ಬಂದ ನಕ್ಷತ್ರ

1943ರಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಮಿದುಳಿನ ನರಕೋಶಗಳನ್ನು ಆನ್–ಆಫ್ ಆಗುವ ಸ್ವಿಚ್‌ಗಳಂತೆ ಕಲ್ಪಿಸಿ ಒಂದು ಪ್ರಬಂಧ ಬರೆದಿದ್ದರು. 1951ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯಲ್ಲಿದ್ದಾಗ ಕ್ಲೇನಿ ಅದನ್ನು ಕೈಗೆತ್ತಿಕೊಂಡರು. ಇಂಥ ಜಾಲ ಯಾವ ಮಾದರಿಗಳನ್ನು ಗುರುತಿಸಬಲ್ಲದು ಎಂಬುದು ಅವರ ಪ್ರಶ್ನೆ.

ಉತ್ತರ ಮೂರು ನಿಯಮಗಳಲ್ಲಿ ಮುಗಿಯಿತು: ಒಂದಾದ ಮೇಲೆ ಇನ್ನೊಂದು, ಇದು ಇಲ್ಲವೇ ಅದು, ಮತ್ತು ಎಷ್ಟು ಸಲವಾದರೂ ಪುನರಾವರ್ತನೆ. ಈ ಮೂರರಿಂದ ಕಟ್ಟಿದ್ದನ್ನು ಮಾತ್ರ ಅಂಥ ಯಂತ್ರ ಗುರುತಿಸಬಲ್ಲದು, ಅದಕ್ಕಿಂತ ಹೆಚ್ಚನ್ನಲ್ಲ ಎಂದು ಅವರು ಸಾಧಿಸಿದರು. ಇದು ಅಚ್ಚಾದದ್ದು 1956ರಲ್ಲಿ. ‘ರೆಗ್ಯುಲರ್’ ಎಂಬ ಹೆಸರು ಅವರಿಗೇ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಇನ್ನೂ ಒಳ್ಳೆಯ ಪದವಿದ್ದರೆ ತಿಳಿಸಿ ಎಂದು ಓದುಗರನ್ನೇ ಕೇಳಿದ್ದರು.

ಪುನರಾವರ್ತನೆಯ ಗುರುತೇ ನಕ್ಷತ್ರ, ಅಂದರೆ ಕ್ಲೇನಿ ಸ್ಟಾರ್. ನಕ್ಷತ್ರ ಹಾಕಿದರೆ ‘ಏನು ಬೇಕಾದರೂ’ ಎಂದರ್ಥ ಎಂಬ ತಪ್ಪು ತಿಳಿವಳಿಕೆ ಬಹಳ ಇದೆ. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ‘ಅ*’ ಎಂದರೆ ‘ಅ’ ಅಕ್ಷರ ಒಂದೂ ಇಲ್ಲದಿರಬಹುದು, ಒಂದಿರಬಹುದು, ನೂರಿರಬಹುದು ಎಂದಷ್ಟೇ.

ಕಾಗದದಿಂದ ರೂಟರ್‌ಗೆ

1968ರಲ್ಲಿ ಕೆನ್ ಥಾಂಪ್ಸನ್ ಈ ಗಣಿತದಿಂದ ಪಠ್ಯ ಹುಡುಕುವ ವಿಧಾನವನ್ನು ಪ್ರಕಟಿಸಿದರು. 1990ರಲ್ಲಿ ಡಾನ್ ಲೈಬ್ಸ್ ‘ಎಕ್ಸ್‌ಪೆಕ್ಟ್’ ಎಂಬ ಸಾಧನ ತಂದರು. ಪರದೆಯ ಮೇಲೆ ಇಂಥ ಸಾಲು ಬಂದರೆ ಇಂಥ ಉತ್ತರ ಟೈಪ್ ಮಾಡು ಎಂದು ಅದಕ್ಕೆ ಮೊದಲೇ ಹೇಳಿಡಬಹುದು. ಪಾಸ್‌ವರ್ಡ್ ಕೇಳಿದರೆ ಪಾಸ್‌ವರ್ಡ್, ಸಾಲಿನ ಕೊನೆಗೆ # ಕಂಡರೆ ಮುಂದಿನ ಆದೇಶ. ನೂರಾರು ಉಪಕರಣಗಳ ಮುಂದೆ ಒಬ್ಬೊಬ್ಬರೇ ಕುಳಿತು ಟೈಪ್ ಮಾಡುವ ಕೆಲಸ ಹೀಗೆ ತಪ್ಪಿತು.

ಎಡವುವುದು ಎಲ್ಲಿ?

ಲಾಗಿನ್ ಆದಾಗ ಬರುವ ಎಚ್ಚರಿಕೆ ಸಂದೇಶದ ಸುತ್ತ ಯಾರೋ ಅಂದಕ್ಕೆಂದು ##### ಹಾಕಿರುತ್ತಾರೆ. ಸಾಲಿನ ಕೊನೆ ಎಂದು ಹೇಳದೆ ಬರೀ # ಹುಡುಕುವ ಸ್ಕ್ರಿಪ್ಟ್, ಉಪಕರಣ ಸಿದ್ಧವಾಯಿತು ಎಂದು ತಿಳಿದು ಆದೇಶ ಕಳುಹಿಸಿಬಿಡುತ್ತದೆ. ಇನ್ನೊಂದು ಉದಾಹರಣೆ: ರೂಟರನ್ನು ಮರುಪ್ರಾರಂಭಿಸುವ ಮೊದಲು ಚೌಕ ಆವರಣದೊಳಗೆ ‘ಕನ್ಫರ್ಮ್’ ಎಂಬ ಇಂಗ್ಲಿಷ್ ಪದ ಬರುತ್ತದೆ. ಅದನ್ನು ಹಾಗೆಯೇ ಮಾದರಿಯಾಗಿ ಬರೆದರೆ, ಆ ಪದದ ಏಳು ಅಕ್ಷರಗಳಲ್ಲಿ ಯಾವುದಾದರೂ ಒಂದು ಎಂದರ್ಥ! ಹೀಗಾಗಿ ಸ್ಕ್ರಿಪ್ಟ್ ಸಿಕ್ಕ ಸಾಲಿಗೆಲ್ಲ ‘ಹೌದು’ ಎನ್ನಬಹುದು. ಆವರಣದ ಮುಂದೆ ಒಂದು ಹಿಂಗೆರೆ ಹಾಕಿದರೆ ಈ ಅಪಾಯ ತಪ್ಪುತ್ತದೆ.

ಕ್ಲೇನಿ 1979ರಲ್ಲಿ ನಿವೃತ್ತರಾದರು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂತು. 1994ರ ಜನವರಿ 25ರಂದು ತೀರಿಕೊಂಡರು.

ನೆನಪಿಡಿ: ಯಂತ್ರ ನೋಡುವುದು ಅಕ್ಷರಗಳ ಆಕಾರವನ್ನು, ಪ್ರಶ್ನೆಯ ಅರ್ಥವನ್ನಲ್ಲ. ಅದು ‘ಹೌದು’ ಎಂದಾಗ ಆ ಹೌದಿನ ಹೊಣೆ ಮಾದರಿ ಬರೆದ ಮನುಷ್ಯನದು.