ರಾಜಾ ದೀನ್ ದಯಾಳರು

ವರ್ಷಕ್ಕೊಮ್ಮೆ ಶಾಲೆಯ ಭಾವಚಿತ್ರಕ್ಕೆ ನಿಂತಾಗ ನಾವೆಲ್ಲರೂ ಉಸಿರು ಬಿಗಿಹಿಡಿದು ಬೊಂಬೆಗಳಂತಾಗುತ್ತೇವೆ. ಆ ಬಿಗುಪನ್ನು ಬಿಡಿಸುವುದೇ ಛಾಯಾಗ್ರಾಹಕನ ನಿಜವಾದ ವಿದ್ಯೆ. ಅದನ್ನರಿತ ಹಿರಿಯರಲ್ಲಿ ರಾಜಾ ದೀನ್ ದಯಾಳರು ಒಬ್ಬರು.

1844ರಲ್ಲಿ ಮೀರತ್ ಬಳಿಯ ಸರ್ಧನಾದಲ್ಲಿ ಜನಿಸಿದ ಅವರು, ರೂಡ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು ಇಂದೂರಿನಲ್ಲಿ ನಕ್ಷೆಗಾರರಾದರು. ಹವ್ಯಾಸವೆಂದು ಕೈಕೊಂಡ ಛಾಯಾಗ್ರಹಣಕ್ಕಾಗಿ ಭದ್ರವಾದ ಸರಕಾರಿ ನೌಕರಿಯನ್ನೇ ತೊರೆದರು. ಕಲಬುರ್ಗಿ, ಬೀದರ, ರಾಯಚೂರುಗಳನ್ನೂ ಆಳುತ್ತಿದ್ದ ಹೈದರಾಬಾದಿನ ನಿಜಾಮರು ಅವರನ್ನು ಆಸ್ಥಾನ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡು 'ರಾಜಾ' ಬಿರುದನ್ನಿತ್ತರು.

ಅಂದಿನ ಚಿತ್ರಶಾಲೆಗಳಿಗೆ ಹಗಲಿನ ಬೆಳಕೇ ಆಧಾರ. ಗಾಜಿನ ಮಾಡಿನಿಂದ ಇಳಿಯುವ ಬೆಳಕನ್ನು ಪರದೆಗಳಿಂದ ತಡೆದು, ಬೇಕಾದಷ್ಟನ್ನೇ ಮುಖದ ಮೇಲೆ ಬೀಳಿಸಬೇಕಾಗಿತ್ತು. ತುಸು ಅಲುಗಿದರೂ ಚಿತ್ರ ಮಸುಕಾಗುತ್ತಿತ್ತು. ಆದುದರಿಂದ ಕೈಗೆ ಕುರ್ಚಿಯ ತೋಳನ್ನೋ ಮೇಜಿನ ಅಂಚನ್ನೋ ಆಸರೆಯಾಗಿ ಕೊಡುತ್ತಿದ್ದರು.

ಆದರೆ ಪರದೆಯೊಳಗಿನ ಸ್ತ್ರೀಯರು ಪರಪುರುಷನೆದುರು ಕುಳಿತಾರೆಯೆ? ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಅವರಿಗೆಂದೇ ಪ್ರತ್ಯೇಕ ಚಿತ್ರಶಾಲೆಯನ್ನು ತೆರೆದು ಮಹಿಳೆಯೊಬ್ಬರಿಗೆ ಒಪ್ಪಿಸಿದರು. ಸಂಕೋಚ ಕಳೆದ ಮೇಲಲ್ಲವೆ ಮುಖ ಅರಳುವುದು!

1896ರಲ್ಲಿ ನಮ್ಮ ಕಲ್ಯಾಣಕ್ಕೆ ಸಮೀಪದ ಮುಂಬಯಿಯಲ್ಲೂ ಚಿತ್ರಶಾಲೆ ತೆರೆದ ಅವರು 1905ರಲ್ಲಿ ತೀರಿಕೊಂಡರು.

ಮುಂದಿನ ಸಲ ಭಾವಚಿತ್ರಕ್ಕೆ ನಿಂತಾಗ ಬೆಳಕು ಎತ್ತಲಿಂದ ಬರುತ್ತಿದೆಯೆಂದು ನೋಡೋಣ. ಅಂಜಿ ನಿಂತ ಗೆಳೆಯನೊಡನೆ ಒಂದು ಮಾತಾಡೋಣ.