ತುಳಾಜಿ ಆಂಗ್ರೆ: ಹುಟ್ಟು, ಪದವಿ ಮತ್ತು ಕಡಲು

ಮರಾಠರ ಚರಿತ್ರೆಯು ಕನ್ನಡದ ಸಾಮಾನ್ಯ ಓದುಗರಿಗೆ ಪರಿಚಯವಾದುದರಲ್ಲಿ ಗಳಗನಾಥರ (೧೮೬೯–೧೯೪೨) ಪಾತ್ರ ದೊಡ್ಡದು. ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡು, ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಈ ಪರಂಪರೆಯ ಮೂಲಕ ಕನ್ನಡ ಓದುಗರ ಮನಸ್ಸಿನಲ್ಲಿ ನೆಲೆಗೊಂಡ ಮರಾಠರ ಚಿತ್ರ ಬಹುಮಟ್ಟಿಗೆ ಗಿರಿದುರ್ಗಗಳದು, ಕುದುರೆದಂಡಿನದು. ಕಡಲಿನ ಮರಾಠರು ಈ ಚಿತ್ರದ ಅಂಚಿನಲ್ಲಿಯೇ ಉಳಿದರು. ಅಂತಹವರಲ್ಲಿ ವಿಜಯದುರ್ಗದ ಸರಖೇಲ ತುಳಾಜಿ ಆಂಗ್ರೆ ಒಬ್ಬ. ಅವನ ಹೆಸರಿನೊಡನೆ ಎರಡು ವಿಶೇಷಣಗಳು ಬಿಡದೆ ಅಂಟಿಕೊಂಡು ಬಂದಿವೆ: ಒಂದು, ಅವನು ಕಾನ್ಹೋಜಿ ಆಂಗ್ರೆಯ ಅನೌರಸ ಪುತ್ರನೆಂಬುದು, ಮತ್ತೊಂದು, ಅವನು ಕಡಲ್ಗಳ್ಳನೆಂಬುದು. ಈ ಎರಡು ಮಾತುಗಳು ಅವನ ಬದುಕನ್ನು ಎಷ್ಟರಮಟ್ಟಿಗೆ ವಿವರಿಸುತ್ತವೆ, ಎಷ್ಟರಮಟ್ಟಿಗೆ ಮರೆಮಾಡುತ್ತವೆ ಎಂಬುದನ್ನು ಅವನ ಜೀವನಕ್ರಮದ ಮೂಲಕವೇ ಪರಿಶೀಲಿಸಬೇಕಾಗಿದೆ.

೧. ತಂದೆಯ ಮನೆ

ತುಳಾಜಿಯ ತಂದೆ ಕಾನ್ಹೋಜಿ ಆಂಗ್ರೆ ಮರಾಠಾ ನೌಕಾಬಲದ ಅಧಿಪತಿ. ಸರಖೇಲ ಎಂಬುದು ಆ ಅಧಿಕಾರದ ಬಿರುದು. ಛತ್ರಪತಿ ಶಾಹು ಮತ್ತು ತಾರಾಬಾಯಿಯರ ನಡುವಿನ ಸಿಂಹಾಸನದ ಜಗಳದಲ್ಲಿ ಕಾನ್ಹೋಜಿ ಮೊದಲು ತಾರಾಬಾಯಿಯ ಪಕ್ಷದಲ್ಲಿದ್ದ. ೧೭೧೩ರಲ್ಲಿ ಬಾಳಾಜಿ ವಿಶ್ವನಾಥನ ಸಂಧಾನದಿಂದ ಶಾಹುವಿನ ಕಡೆಗೆ ಬಂದ. ಅಲಿಬಾಗದ ಕುಲಾಬಾ ಕೋಟೆಯಿಂದ ದಕ್ಷಿಣದ ವಿಜಯದುರ್ಗದವರೆಗೆ ಕೊಂಕಣ ತೀರದ ಮುಖ್ಯ ಜಲದುರ್ಗಗಳು ಅವನ ವಶದಲ್ಲಿದ್ದವು. ೧೭೨೧ರಲ್ಲಿ ಇಂಗ್ಲಿಷರೂ ಪೋರ್ತುಗೀಸರೂ ಒಟ್ಟಾಗಿ ಕುಲಾಬಾದ ಮೇಲೆ ಏರಿ ಬಂದು ಬರಿಗೈಯಲ್ಲಿ ಹಿಂದಿರುಗಿದರು. ಅವನು ೧೭೨೯ರಲ್ಲಿ ತೀರಿಕೊಂಡಾಗ ಆ ಪದವಿ ಒಂದು ಮನೆತನದ ಆಸ್ತಿಯಂತಾಗಿತ್ತು.

ಹಂಚಿಕೆಯ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ. ಸೇಖೋಜಿ ಮತ್ತು ಸಂಭಾಜಿಯರು ಹಿರಿಯ ಹೆಂಡತಿಯ ಮಕ್ಕಳು. ತುಳಾಜಿ, ಮಾನಾಜಿ, ಯೇಸಾಜಿ ಮೊದಲಾದವರನ್ನು ಇಂಗ್ಲಿಷ್ ಇತಿಹಾಸಕಾರರೂ ಮುಂಬಯಿ ಪ್ರಾಂತದ ಗೆಜೆಟಿಯರುಗಳೂ ಅನೌರಸರೆಂದು ದಾಖಲಿಸಿವೆ. ಮನೆತನದ ವಂಶಾವಳಿಯನ್ನು ಆಧರಿಸಿದ ನಂತರದ ಬರಹಗಳು ಇವರ ತಾಯಂದಿರನ್ನು ಕಾನ್ಹೋಜಿಯ ಇತರ ಪತ್ನಿಯರೆಂದೇ ಕರೆಯುತ್ತವೆ. ಈ ಭಿನ್ನತೆ ಕೇವಲ ಮಾಹಿತಿಯ ತೊಡಕಲ್ಲ. ಆ ಕಾಲದ ಸರದಾರರ ಮನೆಗಳಲ್ಲಿ ಲಗ್ನದ ಹೆಂಡತಿ, ಕತ್ತಿಯೊಡನೆ ಮದುವೆಯಾಗಿ ಬಂದವಳು, ಇರಿಸಿಕೊಂಡವಳು ಎಂಬ ಹಲವು ಮಟ್ಟಗಳಿದ್ದವು. ಇಂಗ್ಲಿಷ್ ಕಾನೂನಿನ ಸಕ್ರಮ ಮತ್ತು ಅಕ್ರಮ ಎಂಬ ಎರಡೇ ಕೋಣೆಗಳಲ್ಲಿ ಈ ಮಟ್ಟಗಳನ್ನು ಕೂಡಿಸಿದಾಗ ಹಲವು ಸೂಕ್ಷ್ಮಗಳು ಕಾಣೆಯಾದವು. ಆದರೂ ಒಂದು ಅಂಶ ಸ್ಪಷ್ಟ. ಹಿರಿಯ ಹೆಂಡತಿಯ ಮಕ್ಕಳು ಇರುವವರೆಗೆ ತುಳಾಜಿಗೆ ಪದವಿಯ ಮೇಲೆ ಮೊದಲ ಹಕ್ಕಿರಲಿಲ್ಲ. ಅವನು ಬೆಳೆದದ್ದು ತಂದೆಯ ಹಡಗುಗಳ ನಡುವೆ; ವಾರಸಿಕೆಯ ಸಾಲಿನಲ್ಲಿ ಅವನ ಸ್ಥಾನ ಹಿಂದೆ.

೧೭೩೩ರಲ್ಲಿ ಸೇಖೋಜಿ ಮಡಿದ ಕೂಡಲೇ ಸೋದರರ ಕಲಹ ಬಯಲಿಗೆ ಬಂದಿತು. ಸಂಭಾಜಿಯ ಮೇಲೆ ಮುನಿದ ಮಾನಾಜಿ ಪೋರ್ತುಗೀಸರ ನೆರವಿನಿಂದ ಕುಲಾಬಾವನ್ನು ಹಿಡಿದ. ತನ್ನಂತೆಯೇ ಅನೌರಸನೆನಿಸಿಕೊಂಡಿದ್ದ ಯೇಸಾಜಿಯ ಕಣ್ಣು ಕೀಳಿಸಿದ. ಒಂದೇ ಬಗೆಯ ಹುಟ್ಟು ಇವರನ್ನು ಒಂದು ಪಕ್ಷವಾಗಿಸಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ೧೭೩೫ರಲ್ಲಿ ಪೇಶ್ವೆ ಮೊದಲನೆಯ ಬಾಜೀರಾಯ ನಡುವೆ ಬಂದು ಮನೆತನವನ್ನು ಎರಡಾಗಿ ಒಡೆದ. ಮಾನಾಜಿಗೆ ವಜಾರತಮಾಬ ಎಂಬ ಬಿರುದಿನೊಡನೆ ಕುಲಾಬಾ ದೊರೆಯಿತು. ಸಂಭಾಜಿಗೆ ಸರಖೇಲ ಪದವಿಯೊಡನೆ ಸುವರ್ಣದುರ್ಗ, ವಿಜಯದುರ್ಗಗಳು ಉಳಿದವು. ಕಾನ್ಹೋಜಿ ಕಟ್ಟಿದ ಒಂದು ನೌಕಾಬಲ ಪರಸ್ಪರ ಕಾದಾಡುವ ಎರಡು ನೌಕಾಬಲಗಳಾಯಿತು. ೧೭೪೦ರಲ್ಲಿ ಸಂಭಾಜಿ ಕುಲಾಬಾದ ಮೇಲೆ ಬಿದ್ದಾಗ ಪೇಶ್ವೆಯ ದಂಡೂ ಇಂಗ್ಲಿಷರ ಹಡಗುಗಳೂ ಮಾನಾಜಿಯ ಬೆಂಬಲಕ್ಕೆ ನಿಂತವು. ಹದಿನೈದು ವರ್ಷಗಳ ಬಳಿಕ ತುಳಾಜಿಯ ವಿರುದ್ಧ ನಡೆದುದರ ಮಾದರಿ ಇಲ್ಲಿಯೇ ಸಿದ್ಧವಾಗಿತ್ತು.

೨. ಷರತ್ತಿನ ಪದವಿ

೧೭೪೨ರ ಜನವರಿಯಲ್ಲಿ ಸಂಭಾಜಿ ತೀರಿಕೊಂಡ. ವಿಜಯದುರ್ಗ ತುಳಾಜಿಯ ಕೈಗೆ ಬಂದಿತು. ಆದರೆ ಕೋಟೆ ಕೈಗೆ ಬಂದ ಮಾತ್ರಕ್ಕೆ ಪದವಿ ಬರುವಂತಿರಲಿಲ್ಲ. ೧೭೪೩ರಲ್ಲಿ ಶಾಹು ಅವನಿಗೆ ಸರಖೇಲ ಪದವಿಯನ್ನು ಕೊಟ್ಟದ್ದು ಒಂದು ಷರತ್ತಿನ ಮೇಲೆ: ಜಂಜಿರಾದ ಸಿದ್ದಿಯ ವಶದಲ್ಲಿದ್ದ ಅಂಜನವೇಲ ಮತ್ತು ಗೋವಳಕೋಟೆಗಳನ್ನು ಗೆದ್ದು ಕೊಡಬೇಕು. ತುಳಾಜಿ ೧೭೪೫ರಲ್ಲಿ ಅಂಜನವೇಲವನ್ನು ಗೆದ್ದ. ಆ ಕೋಟೆಗೆ ಗೋಪಾಳಗಡ ಎಂಬ ಹೊಸ ಹೆಸರಾಯಿತು. ಸೇಖೋಜಿಯಿಂದಲೂ ಸಂಭಾಜಿಯಿಂದಲೂ ಆಗದ ಕೆಲಸವನ್ನು ಮಾಡಿ ತೋರಿಸಿ ಅವನು ಪದವಿಯನ್ನು ಗಳಿಸಿದ.

ಕನ್ನಡ ಕಾವ್ಯಪರಂಪರೆಯನ್ನು ಬಲ್ಲವರಿಗೆ ಇಂತಹ ಸನ್ನಿವೇಶ ಹೊಸದೇನಲ್ಲ. ಭಾರತದ ರಂಗಸ್ಥಳದಲ್ಲಿ ಕರ್ಣನ ಕುಲದ ಪ್ರಶ್ನೆ ಎದ್ದಾಗ ದುರ್ಯೋಧನನು ಅಂಗರಾಜ್ಯವನ್ನು ಕೊಟ್ಟು ಆ ಪ್ರಶ್ನೆಯನ್ನು ಅಡಗಿಸುತ್ತಾನೆ. ಹುಟ್ಟಿನಿಂದ ದೊರೆಯದುದು ಒಡೆಯನ ಕೈಯಿಂದ ದೊರೆಯುತ್ತದೆ. ಆದರೆ ಹಾಗೆ ದೊರೆತ ಪದವಿ ಒಡೆಯ ಇರುವವರೆಗೆ ಮಾತ್ರ ಗಟ್ಟಿ. ತುಳಾಜಿಯ ಪಾಲಿಗೆ ಶಾಹುವೇ ಆ ಒಡೆಯ. ಮಾನಾಜಿಗಾದರೋ ಪದವಿಯನ್ನು ಕೊಡಿಸಿದವನು ಪೇಶ್ವೆ. ಒಂದೇ ಬಗೆಯ ಹುಟ್ಟಿನ ಇಬ್ಬರು ಸೋದರರ ಬದುಕು ಬೇರೆಬೇರೆ ದಾರಿ ಹಿಡಿದುದರ ಮೂಲವನ್ನು ಈ ವ್ಯತ್ಯಾಸದಲ್ಲಿ ಹುಡುಕಬೇಕು.

ತುಳಾಜಿಯ ಬಲ ಗುರಾಬು ಮತ್ತು ಗಲಬತುಗಳ ಮೇಲೆ ನಿಂತಿತ್ತು. ಗುರಾಬು ಎರಡು ಅಥವಾ ಮೂರು ಪಟಸ್ತಂಭಗಳ ಹಡಗು. ಅದರ ಮೂತಿ ತಗ್ಗಾಗಿದ್ದು, ಅಲ್ಲಿಂದ ನೇರವಾಗಿ ಮುಂದಕ್ಕೆ ತೋಪು ಹಾರಿಸಬಹುದಾಗಿತ್ತು. ಗಲಬತು ಚಿಕ್ಕದು, ನಲವತ್ತು ಐವತ್ತು ಹುಟ್ಟುಗಳಿಂದ ನಡೆಯುವಂಥದು. ಗಾಳಿ ಬಿದ್ದು ದೊಡ್ಡ ಹಡಗು ನಿಂತಲ್ಲೇ ನಿಂತಾಗ ಗಲಬತುಗಳು ಗುರಾಬುಗಳನ್ನು ಎಳೆದು ತಂದು ಅದರ ಹಿಂಬದಿಗೆ ನಿಲ್ಲಿಸುತ್ತಿದ್ದವು. ಪಕ್ಕದ ತೋಪುಗಳು ನಿಷ್ಪ್ರಯೋಜಕವಾಗುವ ಆ ಕೋನದಿಂದ ದಾಳಿ ನಡೆಯುತ್ತಿತ್ತು. ೧೭೪೯ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸ್ಟೋರೇಶನ್ ಎಂಬ ಹಡಗು ಹೀಗೆ ಅವನ ಕೈವಶವಾಯಿತು. ೧೭೫೪ರ ಆರಂಭದಲ್ಲಿ ಡಚ್ಚರ ಮೂರು ಹಡಗುಗಳ ಮೇಲೆ ಅವನ ನೌಕಾಬಲ ಬಿದ್ದಾಗ ಎರಡು ನಾಶವಾಗಿ ಒಂದು ಸೆರೆಯಾಯಿತು.

೩. ದಸ್ತಕು ಮತ್ತು ಕಳ್ಳತನ

ಕಡಲ್ಗಳ್ಳನೆಂಬ ಮಾತನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪೋರ್ತುಗೀಸರು ಹದಿನಾರನೆಯ ಶತಮಾನದಿಂದಲೂ ಅರಬ್ಬೀ ಸಮುದ್ರದಲ್ಲಿ ಸಂಚರಿಸುವ ಹಡಗುಗಳಿಗೆ ಕರ್ತಾಜ್ ಎಂಬ ಪರವಾನಗಿ ಕೊಟ್ಟು ಹಣ ಪಡೆಯುತ್ತಿದ್ದರು. ಪರವಾನಗಿ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು. ಇಂಗ್ಲಿಷರೂ ತಮ್ಮದೇ ಪರವಾನಗಿ ನಡೆಸಿದರು. ಆಂಗ್ರೆ ಮನೆತನದ ದಸ್ತಕು ಇದೇ ಪದ್ಧತಿಯದು. ತಮ್ಮ ಪರವಾನಗಿಯನ್ನು ಕಂಪನಿ ಕಾನೂನೆಂದು ಕರೆಯಿತು. ಆಂಗ್ರೆಗಳ ಪರವಾನಗಿಯನ್ನು ಸುಲಿಗೆಯೆಂದಿತು. ಸಾತಾರದ ಛತ್ರಪತಿಯಿಂದ ಅಧಿಕಾರ ಪಡೆದ ನೌಕಾಧಿಪತಿಯನ್ನು ಕಳ್ಳನೆಂದು ಹೆಸರಿಸುವುದರಲ್ಲಿ ವ್ಯಾಪಾರದ ಹಿತಾಸಕ್ತಿ ಇತ್ತು.

ಹಾಗೆಂದು ತುಳಾಜಿಯನ್ನು ಸ್ವದೇಶರಕ್ಷಕನೆಂದು ಮಾತ್ರ ಚಿತ್ರಿಸುವುದೂ ಸರಿಯಾಗದು. ಕನ್ನಡ ಕರಾವಳಿಯ ಅನುಭವ ಅದಕ್ಕೆ ಅಡ್ಡ ಬರುತ್ತದೆ. ಮಂಗಳೂರು, ಹೊನ್ನಾವರ ಬಂದರುಗಳು ಆಗ ಕೆಳದಿ ಅರಸರ ಅಧೀನದಲ್ಲಿದ್ದವು. ೧೭೩೯ರಿಂದ ೧೭೫೪ರವರೆಗೆ ಆಳಿದ ಎರಡನೆಯ ಬಸಪ್ಪ ನಾಯಕನ ಕಾಲ ತುಳಾಜಿಯ ಏಳಿಗೆಯ ಕಾಲವೂ ಹೌದು. ಈ ಬಂದರುಗಳಿಂದ ಅಕ್ಕಿ ಗೋವೆಗೂ ಮಸ್ಕತಿಗೂ ಹೋಗುತ್ತಿತ್ತು. ಮಲೆನಾಡಿನ ಮೆಣಸು ಕಡಲು ಕಾಣುತ್ತಿದ್ದುದೂ ಇಲ್ಲಿಂದಲೇ. ವಿಜಯದುರ್ಗದ ನೌಕೆಗಳು ಈ ತೀರದವರೆಗೂ ಬಂದು ಮಂಗಳೂರು, ಹೊನ್ನಾವರಗಳನ್ನು ಕೊಳ್ಳೆ ಹೊಡೆದವು. ದೋಣಿ ಕಳೆದುಕೊಂಡ ಕರಾವಳಿಯ ವರ್ತಕನಿಗೆ ಕಂಪನಿಯ ವ್ಯಾಖ್ಯಾನ ಬೇಕಿರಲಿಲ್ಲ. ಕಡಲ್ಗಳ್ಳನೆಂಬ ಮಾತನ್ನು ವಸಾಹತುಶಾಹಿಯ ಸೃಷ್ಟಿಯೆಂದು ಪೂರ್ತಿಯಾಗಿ ತಳ್ಳಿಹಾಕಿದರೆ ಈ ತೀರದ ನಷ್ಟವನ್ನು ಅಳಿಸಿದಂತಾಗುತ್ತದೆ. ತುಳಾಜಿಯ ಅಧಿಕಾರ ನ್ಯಾಯಬದ್ಧವಾದುದು. ಅದರ ಚಲಾವಣೆ ಹಲವೊಮ್ಮೆ ಕ್ರೂರವಾದುದು. ಇವೆರಡೂ ಒಟ್ಟಿಗೆ ನಿಜ.

೪. ವಿಜಯದುರ್ಗ ಮತ್ತು ಸವಣೂರು

೧೭೪೯ರ ಡಿಸೆಂಬರಿನಲ್ಲಿ ಶಾಹು ತೀರಿಕೊಂಡ. ಪದವಿ ಕೊಟ್ಟ ಕೈ ಇಲ್ಲವಾಯಿತು. ರಾಜ್ಯದ ನಿಜವಾದ ಅಧಿಕಾರ ಪುಣೆಯ ಪೇಶ್ವೆ ನಾನಾಸಾಹೇಬನ ಕಡೆಗೆ ಸರಿಯಿತು. ಅದನ್ನು ಒಪ್ಪದ ತಾರಾಬಾಯಿಯ ಪಕ್ಷಕ್ಕೆ ತುಳಾಜಿ ಒಲಿದ. ತಾನು ಛತ್ರಪತಿಯ ಸೇವಕನೇ ಹೊರತು ಪೇಶ್ವೆಯ ಅಧೀನನಲ್ಲ ಎಂಬುದು ಅವನ ನಿಲುವಾಗಿತ್ತು. ಸಾವಂತವಾಡಿಯವರು, ಬಾವಡೆಯ ಅಮಾತ್ಯರು ಮುಂತಾದ ನೆರೆಯವರೊಡನೆಯೂ ಅವನು ಕಾದಾಟ ಕಟ್ಟಿಕೊಂಡಿದ್ದ. ಕಷ್ಟ ಬಂದಾಗ ಅವನ ಪರವಾಗಿ ಆಡುವವರು ಯಾರೂ ಉಳಿಯದಂತೆ ಮಾಡಿಕೊಂಡುದರಲ್ಲಿ ಅವನ ಪಾಲೂ ಇದೆ.

೧೭೫೫ರ ಮಾರ್ಚಿಯಲ್ಲಿ ಪೇಶ್ವೆಯ ಪರವಾಗಿ ರಾಮಾಜಿ ಮಹಾದೇವನೂ ಮುಂಬಯಿಯ ಇಂಗ್ಲಿಷರೂ ಒಪ್ಪಂದ ಮಾಡಿಕೊಂಡರು. ಏಪ್ರಿಲ್ ಮೊದಲಲ್ಲಿ ವಿಲಿಯಂ ಜೇಮ್ಸನ ನೌಕೆಗಳು ಸುವರ್ಣದುರ್ಗವನ್ನು ಕೆಡವಿದವು. ಆ ವರ್ಷ ಮುಗಿಯುವ ವೇಳೆಗೆ ಪೇಶ್ವೆಯ ದಂಡು ಭೂಮಾರ್ಗದಿಂದ ಒಂದೊಂದೇ ಕೋಟೆಯನ್ನು ಹಿಡಿಯುತ್ತ ನಡೆಯಿತು. ೧೭೫೬ರ ಫೆಬ್ರವರಿಯಲ್ಲಿ ಅಡ್ಮಿರಲ್ ವಾಟ್ಸನ್ ಮತ್ತು ರಾಬರ್ಟ್ ಕ್ಲೈವ್ ವಿಜಯದುರ್ಗದ ಮುಂದೆ ಬಂದಾಗ ತುಳಾಜಿ ಕೋಟೆಯಲ್ಲಿರಲಿಲ್ಲ. ಅವನು ರಾಜಿಯ ಮಾತಿಗೆಂದು ಮರಾಠರ ಬೀಡಿಗೆ ಹೋಗಿದ್ದ. ಕೋಟೆ ರಾಜಿಯಲ್ಲಿ ಮರಾಠರಿಗೆ ಹೋದೀತೆಂದು ಇಂಗ್ಲಿಷರು ಅವಸರ ಮಾಡಿದರು. ಫೆಬ್ರವರಿ ೧೨ರಂದು ಗುಂಡೊಂದು ಹಿಂದೆ ಸೆರೆಹಿಡಿದು ತಂದಿದ್ದ ರೆಸ್ಟೋರೇಶನ್ ಹಡಗಿಗೇ ಬಿದ್ದಿತು. ಅದರಿಂದ ಎದ್ದ ಬೆಂಕಿ ಒತ್ತೊತ್ತಾಗಿ ಕಟ್ಟಿದ್ದ ಗುರಾಬು ಗಲಬತುಗಳಿಗೆ ಹಬ್ಬಿತು. ಕೆಲವೇ ಗಂಟೆಗಳಲ್ಲಿ ನೌಕಾಬಲ ಬೂದಿಯಾಯಿತು. ಮರುದಿನ ಕೋಟೆ ಶರಣಾಯಿತು. ತುಳಾಜಿಯ ಹೆಂಡಿರು ಮಕ್ಕಳು ಸೆರೆಯಾದರು. ಸುಮಾರು ಹತ್ತು ಲಕ್ಷ ರೂಪಾಯಿಯ ಕೊಳ್ಳೆಯನ್ನು ಇಂಗ್ಲಿಷರು ತಮ್ಮತಮ್ಮಲ್ಲೇ ಹಂಚಿಕೊಂಡರು. ಆ ವರ್ಷದ ಅಕ್ಟೋಬರಿನ ಒಪ್ಪಂದದ ಬಳಿಕವೇ ಕೋಟೆ ಪೇಶ್ವೆಗೆ ದೊರೆಯಿತು.

ಅದೇ ೧೭೫೬ರಲ್ಲಿ ಪೇಶ್ವೆ ನಾನಾಸಾಹೇಬನ ಮುಖ್ಯ ದಂಡು ಇಂದಿನ ಹಾವೇರಿ ಜಿಲ್ಲೆಯ ಸವಣೂರಿನ ಮುಂದೆ ಬೀಡುಬಿಟ್ಟಿತ್ತು. ಸವಣೂರಿನ ನವಾಬನ ಜೊತೆ ನಿಂತವರಲ್ಲಿ ಗುತ್ತಿಯ ಮುರಾರಿರಾವ್ ಘೋರ್ಪಡೆಯೂ ಒಬ್ಬ. ಅವನೂ ಮರಾಠಾ ಸರದಾರನೇ. ಅವನೂ ಪೇಶ್ವೆಯ ಹಿರಿತನವನ್ನು ಧಿಕ್ಕರಿಸಿದವನೇ. ನಿಜಾಮನ ದಂಡಿನೊಡನೆ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು ಬಂದ ಮೇಲೆ ಸವಣೂರು ಮಣಿಯಿತು. ಮುರಾರಿರಾವ್ ಪೇಶ್ವೆಯೊಡನೆ ರಾಜಿಯಾಗಿ ಸರದಾರನಾಗಿಯೇ ಉಳಿದ. ತುಳಾಜಿಗೆ ಅಂತಹ ರಾಜಿ ದೊರೆಯಲಿಲ್ಲ. ಒಂದೇ ವರ್ಷ, ಒಂದೇ ಬಗೆಯ ಅಪರಾಧ, ತೀರ್ಪು ಮಾತ್ರ ಬೇರೆ. ಘೋರ್ಪಡೆಯ ಹಿಂದೆ ಪ್ರಶ್ನೆಗೆ ಸಿಗದ ಮನೆತನವಿತ್ತು. ಪೇಶ್ವೆಗೆ ಮುಂದೆಯೂ ಬೇಕಾಗುವ ಕುದುರೆದಂಡು ಇತ್ತು. ತುಳಾಜಿಯ ಹಡಗುಗಳು ಸುಟ್ಟಿದ್ದವು. ಅವನ ಪದವಿಯನ್ನು ಕೊಟ್ಟವನು ಸತ್ತಿದ್ದ.

೫. ಸೆರೆ

ತುಳಾಜಿಯ ಬದುಕಿನ ಉಳಿದ ಮೂವತ್ತು ವರ್ಷ ಸೆರೆಯಲ್ಲಿ ಕಳೆಯಿತು. ಕೋಟೆಯಿಂದ ಕೋಟೆಗೆ ಅವನನ್ನು ಸಾಗಿಸಲಾಯಿತು; ಸಾತಾರದ ಬಳಿಯ ವಂದನಗಡ, ಕನ್ನಡ ಗಡಿಯ ಸೋಲಾಪುರದ ಕೋಟೆ ಇವುಗಳಲ್ಲಿ ಸೇರಿವೆ. ಎಲ್ಲವೂ ಕಡಲಿನಿಂದ ದೂರದವು. ಅವನ ಇಬ್ಬರು ಮಕ್ಕಳು ಕೆಲವು ವರ್ಷಗಳ ಬಳಿಕ ತಪ್ಪಿಸಿಕೊಂಡು ಮುಂಬಯಿಯ ಇಂಗ್ಲಿಷರ ಆಶ್ರಯಕ್ಕೆ ಹೋದರು. ತುಳಾಜಿ ೧೭೮೬ರಲ್ಲಿ ಬಂದಿಯಾಗಿಯೇ ತೀರಿಕೊಂಡ.

ಈ ಮೂವತ್ತು ವರ್ಷಗಳಲ್ಲಿ ಕಡಲಿನ ಲೆಕ್ಕಾಚಾರವೇ ಬದಲಾಯಿತು. ವಿಜಯದುರ್ಗವನ್ನು ಸುಟ್ಟ ವಾಟ್ಸನ್ ಮತ್ತು ಕ್ಲೈವ್ ೧೭೫೭ರಲ್ಲಿ ಬಂಗಾಳದಲ್ಲಿದ್ದರು. ಆ ಜೂನಿನಲ್ಲಿ ಪ್ಲಾಸಿ ನಡೆಯಿತು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಮಂಗಳೂರು, ಹೊನ್ನಾವರಗಳಲ್ಲಿ ನೌಕಾಬಲ ಕಟ್ಟಲು ಹೊರಟ. ೧೭೬೮ರಲ್ಲಿ ಮುಂಬಯಿಯ ಇಂಗ್ಲಿಷರು ಮಂಗಳೂರನ್ನೇ ಹಿಡಿದರು. ಪೇಶ್ವೆಯ ಸರಕಾರ ವಿಜಯದುರ್ಗದಲ್ಲಿ ಆನಂದರಾವ್ ಧುಳಪನ ಕೈಕೆಳಗೆ ಹೊಸ ನೌಕಾಬಲವನ್ನು ಕಟ್ಟಿತಾದರೂ, ಕಂಪನಿಯ ಹಡಗುಗಳನ್ನು ದಸ್ತಕು ಕೇಳುವ ಶಕ್ತಿ ಪಶ್ಚಿಮ ತೀರದಲ್ಲಿ ಮತ್ತೆ ಮೂಡಲಿಲ್ಲ.

ಮಾನಾಜಿ ೧೭೫೮ರಲ್ಲಿ ಕುಲಾಬಾದ ಒಡೆಯನಾಗಿಯೇ ಸತ್ತ. ಅವನ ಸಂತತಿ ಎಂಟು ದಶಕ ಆಳಿತು. ಪೇಶ್ವೆಯ ಆಶ್ರಯದಲ್ಲಿದ್ದವರೆಗೆ ಅವನ ಹುಟ್ಟನ್ನು ಯಾರೂ ದೊಡ್ಡದು ಮಾಡಲಿಲ್ಲ. ೧೮೪೦ರ ಹೊತ್ತಿಗೆ ಆ ಶಾಖೆಯಲ್ಲಿ ನೇರ ವಾರಸುದಾರನಿಲ್ಲದಾದಾಗ ಕಂಪನಿ ದತ್ತಕವನ್ನು ನಿರಾಕರಿಸಿ ಸಂಸ್ಥಾನವನ್ನು ನುಂಗಿಕೊಂಡಿತು. ಆಗ ಹುಟ್ಟಿನ ಪ್ರಶ್ನೆಯೇ ರಾಜ್ಯದ ಪ್ರಶ್ನೆಯಾಯಿತು. ಇದರಿಂದ ತಿಳಿಯುವುದೇನೆಂದರೆ, ಅನೌರಸ ಎಂಬ ಮಾತು ತುಳಾಜಿಯ ಏಳಿಗೆಯನ್ನು ತಡೆಯಲಿಲ್ಲ, ಅದೊಂದೇ ಅವನ ಪತನಕ್ಕೆ ಕಾರಣವೂ ಆಗಲಿಲ್ಲ. ಅವನು ಗೆಲ್ಲುತ್ತಿದ್ದಾಗ ಅದು ಸುಮ್ಮನಿದ್ದಿತು; ಸೋತ ಮೇಲೆ ಕಡಲ್ಗಳ್ಳನೆಂಬ ಮಾತಿನ ಜೊತೆ ಸೇರಿ ಅವನ ಹೆಸರಿನ ಮುಂದೆ ನಿಂತಿತು. ಚರಿತ್ರೆಯ ಪುಟಗಳಲ್ಲಿ ಇಂತಹ ವಿಶೇಷಣಗಳು ಎದುರಾದಾಗ ಅವು ವ್ಯಕ್ತಿಯ ಹುಟ್ಟನ್ನು ಹೇಳುತ್ತಿವೆಯೋ ಅವನ ಸೋಲನ್ನು ಹೇಳುತ್ತಿವೆಯೋ ಎಂದು ಬಿಡಿಸಿ ನೋಡುವುದು ಸಂಶೋಧನೆಯ ಮೊದಲ ಕೆಲಸ.