ಲಂಡನ್ನಿನಲ್ಲಿ ನಡೆದೇ ಓಡಾಡಿದ ವಿದ್ಯಾರ್ಥಿ

ಗಾಂಧೀಜಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೋಲು ಹಿಡಿದು ದಂಡಿಗೆ ಹೊರಟ ಅಜ್ಜ. ಆದರೆ ಊರು ಬಿಟ್ಟು ಓದಲು ಬಂದ ನಮಗೆ ಇನ್ನೂ ಹತ್ತಿರವಾಗುವ ಗಾಂಧಿ ಒಬ್ಬರಿದ್ದಾರೆ. ಪೋರಬಂದರಿನಲ್ಲಿ 1869ರಲ್ಲಿ ಹುಟ್ಟಿದ ಮೋಹನದಾಸ ಕರಮಚಂದ ಗಾಂಧಿ, 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದಾಗ ಅವರಿಗೆ 19 ತುಂಬಿರಲಿಲ್ಲ. ಹೆಂಡತಿ ಕಸ್ತೂರಬಾ, ಹಸುಗೂಸು ಮಗ ಊರಲ್ಲೇ ಉಳಿದರು. ಇವರು ಲಂಡನ್ನಿಗೆ ಲಾ ಓದಲು ಹೊರಟರು.

ಮಾಂಸ, ಮದ್ಯ ಮುಟ್ಟುವುದಿಲ್ಲ ಎಂದು ತಾಯಿ ಪುತಲೀಬಾಯಿಗೆ ಮಾತು ಕೊಟ್ಟಿದ್ದರು. ಉಪ್ಪು ಖಾರ ಇಲ್ಲದೆ ಬೇಯಿಸಿದ ತರಕಾರಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇನ್ನೊಂದು ತುಂಡು ಬ್ರೆಡ್ ಕೇಳೋಕೆ ನಾಚಿಕೆ. ರಾತ್ರಿಯಾದರೆ ಅಮ್ಮನ ನೆನಪು, ಅಳು. ಮೊದಲ ಸೆಮಿಸ್ಟರ್ ದಾಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಸ್ಯಾಹಾರಿ ಹೋಟೆಲ್ ಹುಡುಕುತ್ತಾ ದಿನಕ್ಕೆ 10-12 ಮೈಲಿ ನಡೆದರು. ಕೊನೆಗೆ ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಒಂದು ಸಿಕ್ಕಿತು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅಲ್ಲೇ ಮೊದಲು.

ಹಾಗಂತ ಅವರು ಮೊದಲಿನಿಂದಲೂ ಸರಳ ಮನುಷ್ಯ ಆಗಿರಲಿಲ್ಲ. ದುಬಾರಿ ಸೂಟು, ಉದ್ದ ಟೋಪಿ, ಡ್ಯಾನ್ಸ್ ಕ್ಲಾಸು, ಪಿಟೀಲು ಪಾಠ ಎಲ್ಲವೂ ನಡೆದವು. ಆ ಹುಚ್ಚು ಸುಮಾರು ಮೂರು ತಿಂಗಳಿಗೆ ಇಳಿಯಿತು. ಆದರೆ ಒಂದು ಅಭ್ಯಾಸವನ್ನು ಆಗಲೂ ಬಿಡಲಿಲ್ಲ. ಬಸ್ ಚಾರ್ಜು, ಅಂಚೆಚೀಟಿ, ಪೇಪರ್, ಹೀಗೆ ಖರ್ಚಾದ ಪ್ರತಿ ಕಾಸನ್ನೂ ಬರೆದಿಟ್ಟು, ಮಲಗುವ ಮುಂಚೆ ಲೆಕ್ಕ ಕೂಡಿಸುತ್ತಿದ್ದರು. ಹಣ ಎಲ್ಲಿ ಸೋರುತ್ತಿದೆ ಎಂದು ಆ ಲೆಕ್ಕವೇ ತೋರಿಸಿಕೊಟ್ಟಿತು.

ಆಮೇಲೆ, ಹೋಗಬೇಕಾದ ಕಡೆಗೆ ಅರ್ಧ ಗಂಟೆಯಲ್ಲಿ ನಡೆದು ತಲುಪುವಂಥ ಜಾಗದಲ್ಲಿ ಮನೆ ಹಿಡಿದರು. ಬಸ್ ಖರ್ಚು ಉಳಿಯಿತು, ದಿನಕ್ಕೆ 8-10 ಮೈಲಿ ನಡಿಗೆಯೂ ಆಯಿತು. ಲಂಡನ್ನಿನ ಚಳಿಯಲ್ಲೂ ತಾನು ಕಾಯಿಲೆ ಬೀಳದೆ ಉಳಿದದ್ದಕ್ಕೆ ಈ ನಡಿಗೆಯೇ ಕಾರಣ ಎಂದು ಅವರು ನಂಬಿದ್ದರು. ಮುಂದೆ ಒಂದೇ ಕೋಣೆಗೆ ಇಳಿದು, ಒಲೆ ಕೊಂಡು, ಬೆಳಗಿನ ಓಟ್ಸ್ ಗಂಜಿ ತಾವೇ ಬೇಯಿಸಿಕೊಂಡರು. ಮಧ್ಯಾಹ್ನ ಹೊರಗೆ ಊಟ, ರಾತ್ರಿ ಬ್ರೆಡ್ಡು ಕೋಕೋ. ದಿನದ ಖರ್ಚು 1 ಶಿಲಿಂಗ್ 3 ಪೆನ್ಸ್. ಈ ನಡುವೆ ಲಂಡನ್ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಲ್ಯಾಟಿನ್ ಕೈಕೊಟ್ಟಿತು. ಮತ್ತೆ ಕೂತು ಪಾಸಾದರು. ಒಂಟಿತನಕ್ಕೆ ಸಸ್ಯಾಹಾರಿಗಳ ಸಂಘದ ಗೆಳೆತನ ಮದ್ದಾಯಿತು.

1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು, 12ಕ್ಕೆ ಹಡಗು ಹತ್ತಿದರು. ಮುಂಬಯಿಯಲ್ಲಿ ಇಳಿದಾಗ ಅಣ್ಣನಿಂದ ತಿಳಿಯಿತು, ಅಮ್ಮ ತೀರಿಕೊಂಡಿದ್ದರು. ದೂರದಲ್ಲಿ ಒಬ್ಬರೇ ಇರುವಾಗ ಆಘಾತ ಬೇಡವೆಂದು ಮನೆಯವರು ಮುಚ್ಚಿಟ್ಟಿದ್ದರು. ಅಮ್ಮನಿಗೆ ಕೊಟ್ಟ ಮಾತು ಉಳಿದಿತ್ತು, ಅದನ್ನು ಹೇಳಿಕೊಳ್ಳಲು ಅಮ್ಮ ಇರಲಿಲ್ಲ.

ನಡಿಗೆ ಮಾತ್ರ ಕೊನೆತನಕ ಜೊತೆಗಿತ್ತು. 1930ರಲ್ಲಿ, 60 ದಾಟಿದ ಮೇಲೆ, ದಂಡಿಯವರೆಗೆ ಸುಮಾರು 385 ಕಿಲೋಮೀಟರ್ ನಡೆದರು. ಆದರೆ ಅವರ ದೇಹವೂ ಕಬ್ಬಿಣದ್ದಲ್ಲ. 1927ರಲ್ಲಿ ಬಿಡುವಿಲ್ಲದ ಪ್ರವಾಸದಿಂದ ಕುಸಿದಾಗ, ನಮ್ಮ ನಂದಿಬೆಟ್ಟದಲ್ಲಿ ಕೆಲವು ವಾರ ವಿಶ್ರಾಂತಿ ಪಡೆದರು. 1948ರ ಜನವರಿ 30ರಂದು, ಪ್ರಾರ್ಥನೆಗೆ ನಡೆದು ಹೋಗುತ್ತಿದ್ದಾಗಲೇ ಗುಂಡಿಗೆ ಬಲಿಯಾದರು.

ನಾವೆಲ್ಲ ಮಹಾತ್ಮರಾಗಬೇಕಿಲ್ಲ. ಎರಡು ಸ್ಟಾಪ್ ಮುಂಚೆ ಇಳಿದು ನಡೆಯೋಣ, ಬೆಳಗಿನ ತಿಂಡಿ ನಾವೇ ಮಾಡಿಕೊಳ್ಳೋಣ, ಸುಸ್ತಾದರೆ ನಾಚಿಕೆಯಿಲ್ಲದೆ ಮಲಗೋಣ. ಮತ್ತೆ, ಇವತ್ತೇ ಅಮ್ಮನಿಗೊಂದು ಫೋನ್ ಮಾಡೋಣ.